ದೇವಕಿಯ ಸಹಿ

ದೇವಕಿಗೆ ಕೋಪ ಬಂದರೆ ಕೂಗಾಡುವುದಿಲ್ಲ, ಸುಮ್ಮನಾಗುತ್ತಾಳೆ. ಆ ಮೌನ ಎಷ್ಟು ಕಾಲ ನಡೆಯಬಹುದೆಂದು ಅವಳ ಗಂಡ ಈಶ್ವರಪ್ಪನಿಗೆ ಚೆನ್ನಾಗಿ ಗೊತ್ತು. ಒಮ್ಮೆ ನಾದಿನಿ ಆಡಿದ ಒಂದೇ ಮಾತಿಗೆ ಹನ್ನೊಂದು ವರ್ಷ ಆಕೆಯ ಮನೆಯಲ್ಲಿ ನೀರು ಕುಡಿದಿರಲಿಲ್ಲ. ದೇವಕಿಯ ಊರು ಚಿತ್ರದುರ್ಗ, ದೇಶದ ರಾಜಧಾನಿಗೆ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಇಪ್ಪತ್ತಾರು ವರ್ಷ. ಮನೆ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ.

ಕಳೆದ ವರ್ಷ ಫೆಬ್ರವರಿಯಲ್ಲಿ ಅವಳ ದವಡೆ ಹಲ್ಲೊಂದು ಹುಳುಕಾಗಿ, ಅನ್ನ ಅಗಿಯುವುದೂ ಕಷ್ಟವಾಯಿತು. ಮಗಳು ಹರಿಣಿಯನ್ನು ಕರೆದುಕೊಂಡು ಪಕ್ಕದ ಬಡಾವಣೆ ಮುನಿರ್ಕಾದಲ್ಲಿದ್ದ ಹಲ್ಲಿನ ಡಾಕ್ಟರ್ ವಿಕ್ರಮ್ ಎಂಬವರ ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಕೆಲಸಕ್ಕಿದ್ದ ಪ್ರೇರಣಾ ಎಂಬ ಹುಡುಗಿ ಫಾರಂ ಕೊಟ್ಟಳು. ಅಲರ್ಜಿ ಎಂಬ ಕಾಲಂನಲ್ಲಿ ದೇವಕಿ ಎರಡು ಸಾಲು ಬರೆದಳು: ಹಿಂದೆ ಬೆರಳಿಗೆ ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು, ಮೈಯೆಲ್ಲ ದದ್ದು ಎದ್ದು ಮುಖ ಊದಿಕೊಂಡಿತ್ತು. ಕುರ್ಚಿಯಲ್ಲಿ ಒರಗಿದ ಮೇಲೆ ಬಾಯಿಬಿಟ್ಟೂ ಹೇಳಿದಳು.

ವಿಕ್ರಮ್ ನಕ್ಕ. "ಅರೇ ಆಂಟಿಜಿ, ಹದಿನೈದು ವರ್ಷದಿಂದ ಇದೇ ಮದ್ದು ಚುಚ್ಚುತ್ತಿದ್ದೇನೆ. ಅದರ ಅಲರ್ಜಿ ಯಾರಿಗೂ ಆಗಿದ್ದು ನೋಡಿಲ್ಲ. ನಿಮಗಿರುವುದು ಸೂಜಿಯ ಭಯ, ಅಷ್ಟೆ."

ಚುಚ್ಚಿದ ನಾಲ್ಕೈದು ನಿಮಿಷಕ್ಕೆ ಅಂಗೈ ತುರಿಸತೊಡಗಿತು. ಆಮೇಲೆ ತುಟಿ, ನಾಲಿಗೆ ದಪ್ಪವಾದವು. ಗಂಟಲನ್ನು ಯಾರೋ ಒಳಗಿನಿಂದ ಹಿಂಡಿದಂತಾಯಿತು. ಮಾತಾಡಲು ಹೋದರೆ ಸೀಟಿಯಂಥ ಸದ್ದು ಬಂತು.

"ಗಾಬರಿ ಬೇಡ, ನಿಧಾನಕ್ಕೆ ಉಸಿರಾಡಿ. ಎಲ್ಲ ನಿಮ್ಮ ತಲೆಯೊಳಗೇ ಇರುವುದು," ಎಂದು ವಿಕ್ರಮ್ ಅವಳ ಭುಜ ತಟ್ಟಿದ.

ಕಣ್ಣು ಕತ್ತಲಿಡುವ ಮೊದಲು ದೇವಕಿ ಕೇಳಿಸಿಕೊಂಡ ಕೊನೆಯ ಮಾತು ಅದು. ಇಂಥ ಹೊತ್ತಿಗೆ ತಕ್ಷಣ ಚುಚ್ಚಬೇಕಾದ ಅಡ್ರಿನಲಿನ್ ಮದ್ದು ಕ್ಲಿನಿಕ್ಕಿನಲ್ಲಿ ಇರಲಿಲ್ಲ. ಪ್ರೇರಣಾ ಬೀದಿಗೆ ಓಡಿ ಆಟೋ ನಿಲ್ಲಿಸಿದಳು. ಅವಳೂ ಹರಿಣಿಯೂ ಸೇರಿ ದೇವಕಿಯನ್ನು ಎತ್ತಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ತೊಡೆಗೆ ಎರಡು ಬಾರಿ ಅಡ್ರಿನಲಿನ್ ಚುಚ್ಚಿದ ಮೇಲೆ ಉಸಿರು ಹಿಂದಿರುಗಿತು. ಇನ್ನು ಐದು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹರಿಣಿಗೆ ಹೇಳಿದರು.

ಮೂರನೇ ದಿನ ಮನೆಗೆ ಬಂದ ದೇವಕಿ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಆರು ವಾರ ಕಳೆದ ಮೇಲೆ ಅಲರ್ಜಿ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿಕೊಂಡಳು. ಇಂಥ ಅಲರ್ಜಿ ತೀರ ಅಪರೂಪ, ಆದರೆ ನಿಮಗೆ ಲಿಗ್ನೋಕೇನ್ ಎಂಬ ಆ ಮರಗಟ್ಟಿಸುವ ಮದ್ದು ಆಗುವುದಿಲ್ಲ, ಬೇರೆ ಮದ್ದು ಆಗುತ್ತದೆ ಎಂದು ಅವರು ಬರೆದುಕೊಟ್ಟರು. ಆಸ್ಪತ್ರೆಯಲ್ಲಿ ಆ ಬೇರೆ ಮದ್ದು ಕೊಟ್ಟು ಹಲ್ಲನ್ನೂ ಕಿತ್ತರು. ಅದೇ ವಾರ ದೇವಕಿ ದಂತವೈದ್ಯರ ಕೌನ್ಸಿಲ್‌ಗೆ ಒಂಬತ್ತು ಪುಟದ ದೂರು ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದಳು.

"ಅಮ್ಮ, ಛೋಡೋ ನಾ, ಬಿಟ್ಟುಬಿಡು," ಎಂದಳು ಹರಿಣಿ. "ನೀನು ಬದುಕಿದ್ದೀಯ, ಬಸ್."

"ನಾನು ಬದುಕಿದ್ದು ಅವನಿಂದ ಅಲ್ಲ."

ಎರಡು ತಿಂಗಳಿಗೆ ವಿಕ್ರಮನ ಉತ್ತರದ ಪ್ರತಿ ಅಂಚೆಯಲ್ಲಿ ಬಂತು. ರೋಗಿ ಅಲರ್ಜಿಯ ವಿಷಯ ಮುಚ್ಚಿಟ್ಟಿದ್ದರು ಎಂದು ಬರೆದು, ಸಾಕ್ಷಿಗೆ ಫಾರಂ ಲಗತ್ತಿಸಿದ್ದ. ಅಲರ್ಜಿ ಕಾಲಂನಲ್ಲಿ 'ಇಲ್ಲ' ಎಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ದೇವಕಿಯ ಹೆಸರಿನ, ಚೆಂದವಾಗಿ ಬಳುಕಿಸಿದ ಸಹಿ.

ಅಷ್ಟು ದಿನಗಳಲ್ಲಿ ಮೊದಲ ಸಲ ದೇವಕಿ ನಕ್ಕಳು. "ರೀ, ಬನ್ನಿ ಇಲ್ಲಿ," ಎಂದು ಗಂಡನನ್ನು ಕರೆದು ತೋರಿಸಿದಳು. "ನಾನು ಯಾವತ್ತಾದರೂ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದು ನೋಡಿದ್ದೀರಾ?"

ಇಲ್ಲ. ನೌಕರಿಗೆ ಸೇರಿದ ದಿನದಿಂದ ಹಾಜರಿ ಪುಸ್ತಕ, ಬ್ಯಾಂಕು, ಹರಿಣಿಯ ಶಾಲೆಯ ಅಂಕಪಟ್ಟಿ ಎಲ್ಲ ಕಡೆ ಅವಳದು ಕನ್ನಡದ ಸಹಿಯೇ.

ಅವಳ ನಿಜವಾದ ಸಹಿ ತೋರಿಸುವ ಸರ್ವಿಸ್ ಬುಕ್ಕಿನ ನಕಲು, ಬ್ಯಾಂಕಿನ ಪತ್ರ ಕೌನ್ಸಿಲ್‌ಗೆ ಹೋದ ಮುಂದಿನ ಭಾನುವಾರ ವಿಕ್ರಮ್ ಮಿಠಾಯಿ ಡಬ್ಬಿ ಹಿಡಿದು ಮನೆಗೇ ಬಂದ. ಸೊರಗಿದ್ದ. ಈಶ್ವರಪ್ಪ ಕೂರಿಸಿದ, ದೇವಕಿ ಚಹಾ ಕೊಟ್ಟಳು. ಅವನು ತನ್ನ ತಾಯಿಯ ಬಿಪಿ, ಮಗನ ಪರೀಕ್ಷೆ ಎಲ್ಲ ಹೇಳಿಕೊಂಡು, ದೂರು ವಾಪಸ್ ತೆಗೆದುಕೊಳ್ಳಿ ಎಂದು ಬೇಡಿದ. ಕೇಳುತ್ತ ಈಶ್ವರಪ್ಪನ ಮುಖ ಮೆತ್ತಗಾಯಿತು.

"ಹೋಗಲಿ ಬಿಡೇ," ಎಂದ ಕನ್ನಡದಲ್ಲಿ. "ಮನೆ ಬಾಗಿಲಿಗೆ ಬಂದಿದ್ದಾನೆ."

ದೇವಕಿ ತನ್ನ ಲೋಟ ಕೆಳಗಿಟ್ಟಳು. ಅವನು ಸೊರಗಿದ್ದುದನ್ನು ಅವಳೂ ಕಂಡಿದ್ದಳು. ಅವನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು: "ನನ್ನ ಫಾರಂ ಹರಿದು ಹಾಕಿದ್ದು ಯಾರು?"

ವಿಕ್ರಮ್ ತಡಮಾಡಲಿಲ್ಲ. "ಪ್ರೇರಣಾ, ಆಂಟಿಜಿ. ಹೆದರಿ ಹಾಗೆ ಮಾಡಿದ್ದಾಳೆ. ಅವಳನ್ನು ಕೆಲಸದಿಂದ ತೆಗೆದಿದ್ದೇನೆ."

ಆಟೋದಲ್ಲಿ ದೇವಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದವಳು ಪ್ರೇರಣಾ ಎಂದು ಹರಿಣಿ ಹೇಳಿದ್ದಳು. ದೇವಕಿ ಎದ್ದು, ಮಿಠಾಯಿ ಡಬ್ಬಿಯನ್ನು ಅವನ ಕೈಗಿತ್ತು ಬಾಗಿಲು ತೆರೆದಳು. "ಮುಂದಿನ ಮಾತು ಕೌನ್ಸಿಲ್‌ನಲ್ಲಿ."

ಆ ಸಂಜೆಯೇ ಪ್ರೇರಣಾಳ ಕೋಣೆ ಹುಡುಕಿಕೊಂಡು ಮುನಿರ್ಕಾದ ಗಲ್ಲಿಗಳಲ್ಲಿ ಅಲೆದಳು. ಹುಡುಗಿ ಮೊದಲು ಹೆದರಿದಳು. ವಿಕ್ರಮ್ ತಪ್ಪನ್ನು ತನ್ನ ತಲೆಗೇ ಕಟ್ಟಿದ್ದಾನೆಂದು ಕೇಳಿದ ಮೇಲೆ ಅವಳ ದನಿ ಬದಲಾಯಿತು. "ಆಂಟಿ, ಹೊಸ ಫಾರಂ ಅವರೇ ಬರೆದರು. ಸಹಿಯನ್ನೂ ಅವರೇ ಹಾಕಿದ್ದು. ನಾನು ಎದುರಿಗೇ ನಿಂತಿದ್ದೆ. ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ."

ವಿಚಾರಣೆಯ ದಿನ ಅವಳು ಹೇಳಿದಳು. ಸಮಿತಿಯವರು ವಿಕ್ರಮನ ಕಡೆ ತಿರುಗಿದಾಗ ಅವನು ತಲೆ ಎತ್ತಲಿಲ್ಲ. ದೇವಕಿ ಎದುರಿನ ಕುರ್ಚಿಯಲ್ಲಿ ಕುಳಿತು ಅವನನ್ನೇ ನೋಡಿದಳು. ಅವನಿಗೂ ಗಂಟಲು ಕಟ್ಟಿತ್ತು, ಮಾತಿಗೆ ತಡವರಿಸುತ್ತಿದ್ದ. ನಿಧಾನಕ್ಕೆ ಉಸಿರಾಡಿ ಎನ್ನಬೇಕೆಂದು ಅವಳ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ, ಆದರೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಆರು ತಿಂಗಳು ವೃತ್ತಿ ನಡೆಸಬಾರದೆಂದು ಆದೇಶವಾಯಿತು. ಅದು ಜಾರಿಗೆ ಬಂದ ದಿನ ದೇವಕಿ ಅರ್ಧ ದಿನ ರಜೆ ಹಾಕಿ ಮುನಿರ್ಕಾಗೆ ಹೋದಳು. ಕ್ಲಿನಿಕ್ಕಿನ ಎದುರಿನ ಜ್ಯೂಸ್ ಅಂಗಡಿಯಲ್ಲಿ ಮೋಸಂಬಿ ರಸ ತರಿಸಿಕೊಂಡು, ಮುಚ್ಚಿದ ಶಟರಿನ ಮೇಲೆ ಅಂಟಿಸಿದ್ದ ನೋಟಿಸನ್ನು ನೋಡುತ್ತ ಗುಟುಕು ಗುಟುಕಾಗಿ ಕುಡಿದಳು. ಕೆನ್ನೆ ಊದಿದ ಒಬ್ಬ ಯುವಕ ಬಂದು ಶಟರ್ ಬಡಿದ.

"ಭಯ್ಯಾ, ಅದು ಆರು ತಿಂಗಳು ತೆರೆಯುವುದಿಲ್ಲ," ಎಂದಳು ದೇವಕಿ. ಅವನು ಯಾಕೆಂದು ಕೇಳಿದ. ಅವಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಂಗಡಿಯವನೂ ಕೈಕೆಲಸ ಬಿಟ್ಟು ಕೇಳಿದ.

ಮನೆಗೆ ಬಂದಾಗ ಈಶ್ವರಪ್ಪ ಕೇಳಿದ, "ಈಗಲಾದರೂ ಸಮಾಧಾನ ಆಯ್ತಾ?"

"ಆರು ತಿಂಗಳು ಸಾಲದು ರೀ," ಎಂದು ದೇವಕಿ ಕನ್ನಡಕ ಹಾಕಿಕೊಂಡು, ಸುಳ್ಳು ಸಹಿಯ ಬಗ್ಗೆ ಪೊಲೀಸರಿಗೆ ಕೊಡಬೇಕಾದ ದೂರಿನ ಮೊದಲ ಸಾಲು ಬರೆಯಲು ಕುಳಿತಳು.