ಹಳದಿ ದೀಪ ಆರಿಸಿದ ಅಸ್ಗರಿ

ಇಸ್ಮಾಯಿಲ ಉಸ್ತಾದರು ಆರು ವರ್ಷ ನನ್ನ ಕೈಗೆ ಮೀಟರು ಕೊಡಲಿಲ್ಲ. ಅವರು ಮಣ್ಣಾದ ಮೇಲೂ ನನಗೆ ಆ ಸಿಟ್ಟು ಇಳಿದಿಲ್ಲ. ಇಳಿಯುವುದೂ ಇಲ್ಲ.

ನಾನು ಅವರಲ್ಲಿ ಕೆಲಸಕ್ಕೆ ಸೇರಿದ್ದು ತೊಂಬತ್ತೆರಡರಲ್ಲಿ. ಬಸವಕಲ್ಯಾಣದ ಸಸ್ತಾಪುರ ಬಂಗಲಾ ಹತ್ತಿರ ಅವರದೊಂದು ತಗಡಿನ ಅಂಗಡಿ ಇತ್ತು. ಹೈದರಾಬಾದಿನಿಂದ ಸೋಲಾಪುರಕ್ಕೆ ಓಡುವ ಲಾರಿಗಳ ಲೈಟು, ಹಾರ್ನು, ಡೈನಮೊ ರಿಪೇರಿ ಅಲ್ಲಿ ಆಗುತ್ತಿತ್ತು. ನನಗೆ ಸಿಕ್ಕಿದ್ದು ಟೆಸ್ಟ್ ಲ್ಯಾಂಪು. ಒಂದು ಬಲ್ಬು, ಎರಡು ವೈರು, ಒಂದು ವೈರಿನ ತುದಿಗೆ ದಬ್ಬಣ. ದಬ್ಬಣ ಚುಚ್ಚಿದಾಗ ಬಲ್ಬು ಹತ್ತಿದರೆ ಕರೆಂಟ್ ಇದೆ, ಹತ್ತದಿದ್ದರೆ ಇಲ್ಲ. ಕರೆಂಟ್ ಎಷ್ಟಿದೆ ಎಂದು ಅಳೆದು ತೋರಿಸುವ ಮುಳ್ಳಿನ ಮೀಟರೊಂದನ್ನು ಉಸ್ತಾದರು ಹೈದರಾಬಾದಿನಿಂದ ತಂದಿದ್ದರು. ಅದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂತಿರುತ್ತಿತ್ತು, ಸಂಜೆಯಾದರೆ ಅವರ ಜೊತೆ ಮನೆಗೆ ಹೋಗುತ್ತಿತ್ತು. ಮನೆಯಲ್ಲಿ ಅದನ್ನು ಹಿಡಿಯುತ್ತಿದ್ದವಳು ಅವರ ಮಗಳು ಅಸ್ಗರಿ.

ಡೈನಮೊ ಸುಟ್ಟರೆ ಒಳಗಿನ ತಾಮ್ರದ ತಂತಿಯನ್ನು ಬಿಚ್ಚಿ ಹೊಸದಾಗಿ ಸುತ್ತಬೇಕು. ಆ ಕೆಲಸ ಅವರ ಮನೆಯಲ್ಲಿ ಹೆಂಗಸರದು. ತಾಯಿ ಸುತ್ತುವುದು, ಮಗಳು ಎಣಿಸುವುದು. ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ನೂರರವರೆಗೆ ಎಣಿಸಿ, ಒಂದು ಹುಣಸೆ ಬೀಜ ಪಕ್ಕಕ್ಕಿಟ್ಟು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಸುತ್ತಿದ್ದು ಸರಿ ಇದೆಯೋ ಇಲ್ಲವೋ ಎಂದು ಮೀಟರು ಹಚ್ಚಿ ನೋಡುವುದೂ ಅವಳೇ. ಹದಿನೈದು ವರ್ಷದ ಹುಡುಗಿಗೆ ಕೊಟ್ಟದ್ದನ್ನು ಇಪ್ಪತ್ತು ದಾಟಿದ ನನಗೆ ಕೊಡಲಿಲ್ಲ. ಒಮ್ಮೆ ನಾನು ಬಾಯಿ ಬಿಟ್ಟು ಕೇಳಿದೆ. "ನಿನ್ನ ಕೈ ಬಿಸಿ ಅದ, ವೀರಭದ್ರ. ಮೊದಲ ಅದು ತಣ್ಣಗ ಆಗಲಿ" ಎಂದರು. ಲಾರಿ ಡ್ರೈವರುಗಳು ನಕ್ಕರು. ನಾನು ಟೆಸ್ಟ್ ಲ್ಯಾಂಪನ್ನು ನೆಲಕ್ಕೆ ಬಡಿದು ಹೊರಬಿದ್ದೆ. ತೊಂಬತ್ತೆಂಟರ ಮಾತಿದು. ಆ ವರ್ಷವೇ ಹುಮನಾಬಾದಿನಲ್ಲಿ ಬಸ್ ನಿಲ್ದಾಣದ ಆಚೆಗೆ ಸ್ವಂತ ಅಂಗಡಿ ಹಾಕಿದೆ. ಅಲ್ಲಿಯೂ ಮೀಟರು ಕೊಳ್ಳಲಿಲ್ಲ. ಅದಿಲ್ಲದೆಯೇ ಮಾಡಿ ತೋರಿಸುತ್ತೇನೆ ಎಂಬ ಹಟ.

ಆಮೇಲಿನ ಹತ್ತು ವರ್ಷ ಅಸ್ಗರಿಯ ಸಂಗತಿ ನನಗೆ ಗೊತ್ತಿರಲಿಲ್ಲ, ಹಿಂದಿನಿಂದ ತಿಳಿದದ್ದು. ಅವಳನ್ನು ಭಾಲ್ಕಿ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಕೊಂಡ. ಮಗಳು ಮಿಸ್ಬಾಳನ್ನು ಎತ್ತಿಕೊಂಡು ತವರಿಗೆ ಬಂದಳು. ಅಷ್ಟರಲ್ಲಿ ತಾಯಿ ಇರಲಿಲ್ಲ, ಉಸ್ತಾದರ ಕಣ್ಣುಗಳಿಗೆ ಸಕ್ಕರೆ ರೋಗದಿಂದ ಮಂಜು ಕವಿಯುತ್ತಿತ್ತು. ಹಸಿರು ವೈರು ಯಾವುದು, ನೀಲಿ ಯಾವುದು ತಿಳಿಯದಾಯಿತು. ತಗಡಿನ ಅಂಗಡಿ ಮುಚ್ಚಿ ಕೆಲಸವನ್ನು ಮನೆಯ ಅಂಗಳಕ್ಕೆ ತಂದರು. ಅವರು ಕೇಳುವುದು, ಅವಳು ಬಣ್ಣ ಹೇಳುವುದು. ಕಡೆಗೆ ಹೇಳುವ ಅಗತ್ಯವೂ ಉಳಿಯಲಿಲ್ಲ, ಪೂರ್ತಿ ಕೆಲಸ ಅವಳೇ ಮಾಡತೊಡಗಿದಳು.

ಆದರೆ ಗಿರಾಕಿಗೆ ಅದು ಕಾಣುತ್ತಿರಲಿಲ್ಲ. ಉಸ್ತಾದರು ಇಕ್ಕಳ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತು ಬಂದವರ ಜೊತೆ ಮಾತಾಡುತ್ತಿದ್ದರು. ಗಾಡಿಯನ್ನು ದಬ್ಬಿ ಪರದೆಯ ಆಚೆ ಅಂಗಳಕ್ಕೆ ಬಿಟ್ಟರೆ ಎರಡು ತಾಸಿಗೆ ರಿಪೇರಿಯಾಗಿ ಹೊರಗೆ ಬರುತ್ತಿತ್ತು. ಮುದುಕ ನಡುನಡುವೆ ಒಳಗೆ ಹೋಗಿ ಬರುವರು. ಕಣ್ಣಿಲ್ಲದಿದ್ದರೂ ಉಸ್ತಾದರ ಬೆರಳಿಗೇ ಎಲ್ಲ ಗೊತ್ತು ಎಂದು ಕಲ್ಯಾಣದ ಜನ ಸೋಜಿಗಪಡುತ್ತಿದ್ದರು. ಹುಮನಾಬಾದಿನಲ್ಲಿ ಕೂತು ನಾನೂ ಅದನ್ನೇ ನಂಬಿ, ಇನ್ನಷ್ಟು ಉರಿದುಕೊಳ್ಳುತ್ತಿದ್ದೆ.

ಎರಡು ಸಾವಿರದ ಎಂಟನೇ ಇಸವಿ, ದಸರಾ ಮುಗಿದ ಮರುವಾರ ಜ್ಞಾನೇಶ್ವರ ನನ್ನ ಅಂಗಡಿಗೆ ಬಂದ. ಮಾಣಿಕನಗರದಲ್ಲಿ ಕಾಯಿ ಕರ್ಪೂರದ ಅಂಗಡಿಯವನು, ಮೂವತ್ತರ ಆಸುಪಾಸು. ಗುಲಬರ್ಗಾದಿಂದ ಹೊಸ ಸ್ಪೋರ್ಟ್ಸ್ ಬೈಕ್ ತಂದಿದ್ದ. ಮುಂದೆ ಬಗ್ಗಿ ಕೂರುವಂಥದ್ದು, ಮೈತುಂಬ ಪ್ಲಾಸ್ಟಿಕ್ಕು, ಕಾರ್ಬೊರೇಟರ್ ಬದಲು ಕಂಪ್ಯೂಟರ್. ಅದಕ್ಕೆ ಎರಡು ಫಾಗ್ ಲೈಟು, ಜೋರಾದ ಹಾರ್ನು, ಕಳ್ಳರಿಗೆ ಕೂಗುವ ಅಲಾರ್ಮು ಬೇಕಿತ್ತು. ಆಗುತ್ತದೆಯೇ ಎಂದು ಕೇಳಿದ. ಲಾರಿಗೆ ಮಾಡಿದವನಿಗೆ ಇದೇನು ದೊಡ್ಡದು ಎಂದೆ.

ಸೀಟು ತೆಗೆದೆ. ಕೂದಲಿನಂಥ ವೈರುಗಳು, ಒಂದರ ಮೇಲೊಂದು. ದಬ್ಬಣ ಚುಚ್ಚುತ್ತ ಹೋದೆ. ಒಂದು ಕಂದು ವೈರಿಗೆ ಬಲ್ಬು ಮಂದವಾಗಿ ಹತ್ತಿತು. ಬೈಕಿನ ಬ್ಯಾಟರಿ ಸಣ್ಣದು, ಅದಕ್ಕೇ ಮಂದ ಎಂದುಕೊಂಡೆ. ಕತ್ತರಿಸಿ ಅಲಾರ್ಮಿಗೆ ಜೋಡಿಸಿದೆ, ಅಲಾರ್ಮು ಓಡಲಿಲ್ಲ. ಕತ್ತರಿಸಿದ ತುದಿಗಳನ್ನು ಮತ್ತೆ ಸೇರಿಸಿ ತಿರುವಿ ಟೇಪು ಸುತ್ತಿ, ಬೇರೆ ವೈರಿನಿಂದ ಲೈನು ತೆಗೆದೆ. ಲೈಟು, ಹಾರ್ನು, ಅಲಾರ್ಮು ಎಲ್ಲ ಓಡಿದವು. ಕೀಲಿ ತಿರುವಿದಾಗ ಬೈಕಿನ ಸ್ಪೀಡೋಮೀಟರಿನ ಮೂಲೆಯಲ್ಲಿ ಇಂಜಿನ್ ಆಕಾರದ ಹಳದಿ ದೀಪ ಮಿಟುಕತೊಡಗಿತು. ಅದು ಹೋಗಲೇ ಇಲ್ಲ. ಬೈಕು ಕೆಮ್ಮುತ್ತಿತ್ತು, ನಲವತ್ತರ ಮೇಲೆ ಎಳೆಯುತ್ತಿರಲಿಲ್ಲ.

ನಾಲ್ಕು ದಿನ ಒದ್ದಾಡಿದೆ. ಹಾಕಿದ್ದನ್ನೆಲ್ಲ ಬಿಚ್ಚಿದೆ, ಬ್ಯಾಟರಿ ಬಿಡಿಸಿಟ್ಟು ಮತ್ತೆ ಹಚ್ಚಿದೆ. ಸ್ಪಾನರು ಎಸೆದು ಪಕ್ಕದ ಪಂಕ್ಚರ್ ಅಂಗಡಿಯವನ ಜೊತೆ ಜಗಳವನ್ನೂ ಮಾಡಿದೆ. ದೀಪ ಮಿಟುಕುತ್ತಲೇ ಇತ್ತು. ಶುಕ್ರವಾರ ಜ್ಞಾನೇಶ್ವರ ಬಂದು ಕೂಗಾಡದೆ ಹೇಳಿದ. "ಸೋಮವಾರ ಗುಲಬರ್ಗಾಕ್ಕ ಮೊದಲನೇ ಸರ್ವಿಸಿಗೆ ಒಯ್ಯಬೇಕು, ವೀರಣ್ಣ. ಅಲ್ಲಿ ಈ ದೀಪ ನೋಡಿದರ ಗ್ಯಾರಂಟಿ ಕಾಗದ ಹರದು ಕೈಯಾಗ ಕೊಡತಾರ. ಆಮ್ಯಾಲ ಈ ಗಾಡಿ ನಿನ್ನ ಅಂಗಡಿ ಮುಂದ ನಿಲ್ಲಿಸಿ ಹೋಗತೀನಿ. ಹೋಗೋರು ಬರೋರು ನೋಡಲಿ."

ಅಂಗಡಿಯ ಮುಂದೆ ಅಂಥ ಗಾಡಿ ಎಂಟು ದಿನ ನಿಂತರೆ ನನ್ನ ಕಸುಬು ಮುಗಿಯಿತು. ಶನಿವಾರ ಬೆಳಿಗ್ಗೆ ಬೈಕನ್ನು ಟೆಂಪೊದಲ್ಲಿ ಹೇರಿಕೊಂಡು ಕಲ್ಯಾಣಕ್ಕೆ ಹೋದೆ.

ಉಸ್ತಾದರು ಕಟ್ಟೆಯ ಮೇಲಿದ್ದರು. ನಾನು ಹೆಸರು ಹೇಳಿದೆ. "ಲ್ಯಾಂಪ್ ಒಡದು ಹೋದವನು ಏನು? ಹತ್ತು ವರ್ಷ ಬೇಕಾಯ್ತು ನೋಡು ಹೊಸಾದು ಕೇಳಾಕ. ಕುಂಡ್ರು" ಎಂದರು. ನಾನು ಹಲ್ಲು ಕಚ್ಚಿಕೊಂಡು ಕೂತು, ನಡೆದದ್ದನ್ನು ಹೇಳಿದೆ. ಪರದೆಯ ಹಿಂದಿನಿಂದ ಹೆಣ್ಣು ದನಿ ಕೇಳಿತು.

"ಆ ದೀಪ ಸುಮ್ಮನ ಹತ್ತೇ ಇರತದೋ, ಮಿಟುಕತದೋ?"

"ಮಿಟುಕತದ."

"ಎಷ್ಟು ಸಲ?"

"ಎಣಿಸಿಲ್ಲ."

"ನಾಕು ದಿನ ಅದರ ಎದುರಿಗೇ ಕುಂತೀರಿ, ಎಣಿಸಿಲ್ಲ?"

ಉಸ್ತಾದರು ನಕ್ಕರು. ನನಗೆ ಎದ್ದು ಹೋಗಬೇಕೆನಿಸಿತು. ಟೆಂಪೊ ಆಗಲೇ ಹೊರಟುಹೋಗಿತ್ತು.

ಗಾಡಿಯನ್ನು ಒಳಗೆ ದಬ್ಬಿದೆ. ಬೇರೆಯವರನ್ನು ಪರದೆಯ ಆಚೆಗೆ ಬಿಡುತ್ತಿರಲಿಲ್ಲ. ನಾನು ಆ ಮನೆಯಲ್ಲಿ ಆರು ವರ್ಷ ಉಂಡವನೆಂದು ಬಿಟ್ಟರು. ಅಸ್ಗರಿ ತಲೆಯ ಮೇಲಿನ ದುಪಟ್ಟಾ ಬಿಗಿ ಮಾಡಿ, ಕನ್ನಡಕ ಹಾಕಿಕೊಂಡು ಬೈಕಿನ ಪಕ್ಕ ಮಣೆಯ ಮೇಲೆ ಕೂತಳು. ಮುಳ್ಳಿನ ಮೀಟರು ಹೋಗಿ ಅಂಕಿ ತೋರಿಸುವ ಮೀಟರು ಬಂದಿತ್ತು. ಕೀಲಿ ತಿರುವಿ ದೀಪವನ್ನೇ ನೋಡುತ್ತ ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ಒಂದು ಉದ್ದ, ಐದು ಗಿಡ್ಡ. ಆರಿಸಿ ಮತ್ತೆ ಎಣಿಸಿದಳು. ಅಷ್ಟೇ. ಮೂರನೆಯ ಸಲವೂ ಅಷ್ಟೇ. ಪ್ರತಿ ಸಲ ಅದೇ ಲೆಕ್ಕ ಬಂದರೆ ಕೆಟ್ಟದ್ದು ಒಂದೇ ಕಡೆ ಎಂದು ತಂದೆಗೆ ಹೇಳಿದಳು, ನನಗಲ್ಲ.

ಆಮೇಲೆ ಸೀಟಿನ ಕೆಳಗೆ ಕೈ ಹಾಕಿ ವೈರುಗಳನ್ನು ಒಂದೊಂದಾಗಿ ಹೊರಗೆ ತಂದಳು. ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಬಟ್ಟೆಯ ಚೂರು ಕಟ್ಟುವಳು, ಬಣ್ಣವನ್ನು ಗಟ್ಟಿಯಾಗಿ ಹೇಳುವಳು. ತಂದೆಗೆ ಹೇಳಿ ಹೇಳಿ ಬಂದ ರೂಢಿ. ಹಸಿರು, ಮೇಲೆ ಬಿಳಿ ಗೀಟು. ಕಪ್ಪು, ಮೇಲೆ ಹಳದಿ ಗೀಟು. ಕಂದು ವೈರಿಗೆ ಬಂದಾಗ ನಿಂತಳು.

"ಕಂದು. ಮೂರು ಕಡೆ ಚುಚ್ಚ್ಯಾರ, ಒಂದು ಕಡೆ ಕೊಯ್ದಾರ."

"ಕುರಿಗೂ ಹಿಂಗ ಕೊಯ್ಯಂಗಿಲ್ಲ" ಎಂದರು ಹೊರಗಿನಿಂದ ಉಸ್ತಾದರು.

ಅವಳು ನಗಲಿಲ್ಲ. ಆ ವೈರಿನಲ್ಲಿ ಹನ್ನೆರಡು ವೋಲ್ಟ್ ಓಡುವುದಿಲ್ಲ, ಬರೀ ಐದು ಎಂದಳು. ಕಂಪ್ಯೂಟರು ಇಂಜಿನ್ನಿನ ಸ್ಥಿತಿ ತಿಳಿಯಲು ಕಳಿಸುವ ಐದು. ನನ್ನ ಬಲ್ಬು ಅದನ್ನು ಕುಡಿದುಬಿಟ್ಟಿತ್ತು, ಅದಕ್ಕೇ ಮಂದವಾಗಿ ಹತ್ತಿದ್ದು. ಈಗ ನಾನು ತಿರುವಿದ ಗಂಟಿನ ಈಚೆಗೆ ಮೀಟರಿಟ್ಟಳು, ಐದು. ಆಚೆಗೆ ಇಟ್ಟಳು, ಮೂರೂವರೆ. ಒಂದೂವರೆ ನನ್ನ ಗಂಟಿನಲ್ಲೇ ಸೋರುತ್ತಿತ್ತು. ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗುತ್ತಿತ್ತು, ಅದು ದೀಪ ಹತ್ತಿಸಿ ಕೂತಿತ್ತು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ಹಿಂದಿನ ವರ್ಷ ಹೈವೇಯಲ್ಲಿ ಅಪಘಾತವಾಗಿ ಗುಜರಿಗೆ ಬಂದ ಹೊಸ ಕಾರಿನ ವೈರಿಂಗನ್ನು ಇಡಿಯಾಗಿ ತರಿಸಿ, ಅಂಗಳದಲ್ಲಿ ಹಾಸಿ, ಎರಡು ತಿಂಗಳು ಒಂದೊಂದೇ ವೈರಿನ ಹಿಂದೆ ಹೋಗಿದ್ದಳಂತೆ.

ಗಂಟು ಬಿಚ್ಚಿ ಬೆಸುಗೆ ಹಾಕಿದಳು. ಅದಕ್ಕೆ ಮುಂಚೆ ಬ್ಯಾಟರಿಯ ಎರಡೂ ತಂತಿ ಬಿಡಿಸಿದಳು. ಚುಚ್ಚಿದ ತೂತುಗಳಿಗೆ ರಬ್ಬರಿನ ಕೊಳವೆ ಏರಿಸಿ ನೀರು ಹೋಗದಂತೆ ಮುಚ್ಚಿದಳು. ಮೂರು ಸಲ ಇಂಜಿನ್ ಶುರು ಮಾಡಿ ಆರಿಸಿದ ಮೇಲೆ ದೀಪ ತಾನೇ ಹೋಯಿತು.

ನಾನು ಅಲ್ಲಿಗೆ ಏಳುತ್ತಿದ್ದೆ. ಅವಳು ಬಿಡಲಿಲ್ಲ. ಫಾಗ್ ಲೈಟು, ಹಾರ್ನು, ಅಲಾರ್ಮು ಹಾಕದೆ ಕಳಿಸಿದರೆ ಗಿರಾಕಿ ಮತ್ತೆ ನನ್ನ ಕೈಗೇ ಕೊಡುತ್ತಾನೆ, ನಾನು ಮತ್ತೆ ಕೊಯ್ಯುತ್ತೇನೆ ಎಂದಳು. ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ತೆಗೆದು ನಡುವೆ ಫ್ಯೂಸು ಹಾಕಿದಳು. ಲೈಟಿನ ಭಾರವನ್ನು ರಿಲೇ ಎಂಬ ಸಣ್ಣ ಡಬ್ಬಿ ಹೊರುವಂತೆ ಮಾಡಿದಳು. ಯಾವಾಗ ಹತ್ತಬೇಕು, ಯಾವಾಗ ಆರಬೇಕು ಎಂದು ರಿಲೇಗೆ ಹೇಳಲಿಕ್ಕೆ ಹಿಂದಿನ ದೀಪದ ಪ್ಲಗ್ಗಿನಿಂದ ಒಂದೇ ಒಂದು ಎಳೆ. ಅದಕ್ಕೂ ಬ್ಲೇಡು ಹಚ್ಚಲಿಲ್ಲ, ಪ್ಲಗ್ಗಿನ ನಡುವೆ ಇನ್ನೊಂದು ಪ್ಲಗ್ಗು ಕೂಡಿಸಿದಳು. ನಾನು ಹಿಂದೆ ಕಟ್ಟಿದ್ದ ಅರ್ತಿಂಗ್ ವೈರು ಚಾಸಿಯ ಬೋಲ್ಟಿನಲ್ಲೇ ಉಳಿದಿತ್ತು. ಅದೇ ಬೋಲ್ಟಿಗೆ ಕಂಪ್ಯೂಟರಿನ ಅರ್ತಿಂಗೂ ಇದೆ ಎಂದು ಬೆರಳಿಟ್ಟು ತೋರಿಸಿ, ನನ್ನದನ್ನು ಬಿಚ್ಚಿ ಬ್ಯಾಟರಿಗೆ ವಾಪಸ್ಸು ಒಯ್ದಳು. ಎಲ್ಲ ಲೈಟು ಹತ್ತಿಸಿ ಹಾರ್ನು ಒತ್ತಿದೆವು. ಮೂಲೆಯ ದೀಪ ಹತ್ತಲಿಲ್ಲ.

ಏನು ಕೊಡಬೇಕು ಎಂದು ಕೇಳಿದೆ. ಅವಳು ಕೈ ಒರೆಸಿಕೊಳ್ಳುತ್ತ, ತಂದೆಗೆ ಕೇಳಿಸದಂತೆ ಮಾತಾಡಿದಳು.

"ರೊಕ್ಕ ಬ್ಯಾಡ, ವೀರಣ್ಣ. ಅಬ್ಬಾ ಇರೋತನಕ ಗಾಡಿ ಬರತಾವ, ಅವರ ಹೆಸರಿಗೆ ಬರತಾವ. ಅವರು ಹೋದ ಮರುದಿನ ಈ ಮನಿಗೆ ಯಾರು ಬರತಾರ? ಯಾರಿಗೂ ಗೊತ್ತಿಲ್ಲ ನಾ ಮಾಡತೀನಂತ. ನೀವು ಕಣ್ಣಿಲೆ ನೋಡೀರಿ. ಹುಮನಾಬಾದಿನಾಗ ಕೇಳಿದರ ಅಸ್ಗರಿ ಮಾಡಿದಳು ಅನ್ರಿ. ಅಷ್ಟ ಸಾಕು."

"ಅಂತೀನಿ" ಎಂದೆ. ಆ ಹೊತ್ತಿಗೆ ಅನ್ನಬೇಕೆಂದೇ ಇತ್ತು.

ಸೋಮವಾರ ಸಂಜೆ ಜ್ಞಾನೇಶ್ವರ ಗುಲಬರ್ಗಾದಿಂದ ನೇರ ನಮ್ಮ ಓಣಿಯ ಚಹಾದಂಗಡಿಗೆ ಬಂದ. ಸರ್ವಿಸಿನವರು ವೈರಿಂಗ್ ನೋಡಿ, ಕಂಪನಿಯಲ್ಲೇ ಕೂಡಿಸಿದಂತಿದೆ ಎಂದರಂತೆ. ಅಲ್ಲಿ ನನ್ನ ಜೊತೆ ಹತ್ತು ಹನ್ನೆರಡು ಜನ ಇದ್ದರು. ಅಂಥದೇ ಬೈಕ್ ಇದ್ದ ಅಡತಿ ಅಂಗಡಿಯ ಬಸವಣಪ್ಪನೂ ಇದ್ದ. ಯಾರು ಮಾಡಿದ್ದು ಎಂದು ಅವನೇ ಕೇಳಿದ. ಜ್ಞಾನೇಶ್ವರ ನನ್ನತ್ತ ಕೈ ಮಾಡಿದ.

ಬಾಯಿ ತೆರೆದೆ. ಹತ್ತು ವರ್ಷ ಅಂಗಡಿ ನಡೆಸಿದ ಮಿಸ್ತ್ರಿ ನಾಲ್ಕು ದಿನ ಒದ್ದಾಡಿದ್ದನ್ನು ಒಬ್ಬ ಹೆಣ್ಣುಮಗಳು ಮಣೆಯ ಮೇಲೆ ಕೂತು ಅರ್ಧ ದಿನದಲ್ಲಿ ಮುಗಿಸಿದಳು ಎಂದು ಆ ಜನರ ಎದುರು ಹೇಳಬೇಕಿತ್ತು. "ನನ್ನ ಅಂಗಡಿಗೆ ಬಂದ ಗಾಡಿ, ಮತ್ತ್ಯಾರು ಮಾಡತಾರ?" ಎಂದೆ.

ಮರುದಿನವೇ ಬಸವಣಪ್ಪನ ಬೈಕ್ ಬಂತು. ಆಮೇಲೆ ಚಿಟಗುಪ್ಪ, ಹುಡಗಿ ಊರುಗಳಿಂದ, ಬೀದರಿನಿಂದಲೂ ಬಂದವು. ಅವಳು ಮಾಡಿದ್ದನ್ನು ಒಂದು ಸಲ ನೋಡಿದ್ದೆನಲ್ಲ, ಹಾಗೆಯೇ ಮಾಡುತ್ತ ಹೋದೆ. ಬಟ್ಟೆಯ ಚೂರು ಕಟ್ಟಿದೆ, ಕಂಪನಿಯ ವೈರಿಗೆ ಬ್ಲೇಡು ಹಚ್ಚಲಿಲ್ಲ. ಹಳದಿ ದೀಪ ಹತ್ತದಂತೆ ಮಾಡುವವನು ವೀರಭದ್ರ ಒಬ್ಬನೇ ಎಂಬ ಮಾತು ಹಬ್ಬಿತು.

ಮರುವರ್ಷ ರಂಜಾನಿಗೆ ಮುಂಚೆ ಉಸ್ತಾದರು ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ, ತಿಂಗಳು ಬಿಟ್ಟು ಮನೆಗೆ ಹೋದೆ. ಕಟ್ಟೆ ಖಾಲಿ, ಅಂಗಳದಲ್ಲಿ ಒಂದೂ ಗಾಡಿಯಿಲ್ಲ. ಮಿಸ್ಬಾ ನೀರು ತಂದುಕೊಟ್ಟಳು. ಅಸ್ಗರಿ ಪರದೆಯ ಆಚೆ ಹೊಲಿಗೆ ಮಶೀನಿನ ಮುಂದೆ ಕೂತಿದ್ದಳು. ನಾನು ಉಸ್ತಾದರ ಬಗ್ಗೆ ಎರಡು ಮಾತಾಡಿದೆ. ಅವಳು ಕೇಳಿ ಮುಗಿಸಿ, "ಹುಮನಾಬಾದಿಂದ ಒಂದು ಗಾಡೀನೂ ಬರಲಿಲ್ಲ, ವೀರಣ್ಣ" ಎಂದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಜನ ಅಷ್ಟು ದೂರ ಬರಲಿಕ್ಕೆ ಬೇಸರಪಡುತ್ತಾರೆ ಎಂದೆ. ಹೌದ್ರಿ, ದೂರ ಆಗತದ ಎಂದಳು. ಮಶೀನು ಮತ್ತೆ ಶುರುವಾಯಿತು.

ವರ್ಷ ತುಂಬುವುದರೊಳಗೆ ಮನೆ ಬಿಟ್ಟು ಜಹೀರಾಬಾದಿನ ಚಿಕ್ಕಮ್ಮನ ಕಡೆ ಹೋದಳಂತೆ. ಅಲ್ಲಿ ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಾಳೆ ಎಂದು ಒಬ್ಬ ಲಾರಿ ಡ್ರೈವರ್ ಹೇಳಿದ. ಜಹೀರಾಬಾದಿನ ಬಸ್ಸು ದಿನಕ್ಕೆ ಏಳೆಂಟು ಸಲ ನನ್ನ ಅಂಗಡಿಯ ಮುಂದೆಯೇ ಹಾಯ್ದು ಹೋಗುತ್ತದೆ. ಒಮ್ಮೆಯೂ ಹತ್ತಿಲ್ಲ.

ಈ ಕೆಲಸ ಯಾರ ಕಡೆ ಕಲಿತಿರಿ ಎಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ಕಲ್ಯಾಣದ ಇಸ್ಮಾಯಿಲ ಉಸ್ತಾದರ ಕಡೆ ಎನ್ನುತ್ತೇನೆ. ಅವಳ ಹೆಸರು ಹೇಳಿಲ್ಲ.