ಪಿರೋಷ್ಕಾಳ ಬೆನ್ನ ಹಿಂದಿನ ರಸ್ತೆ

ಸಿಲ್ವಾಶ್ ಊರಿನಲ್ಲಿ ಸೈಕಲ್ ಹೊಡೆಯಲು ಹೆದರುವ ಹೆಂಗಸು ಇದ್ದಾಳೆ ಅಂದರೆ ಜನ ನಗುತ್ತಾರೆ. ಇಲ್ಲಿ ಬ್ರೆಡ್ಡು ತರಲು ಸೈಕಲ್, ಇಗರ್ಜಿಗೆ ಸೈಕಲ್, ಸತ್ತ ಗಂಡನ ಗೋರಿಗೆ ಹೂವಿಡಲು ಹೋಗುವಾಗಲೂ ಸೈಕಲ್. ಎಪ್ಪತ್ತು ದಾಟಿದ ಮುದುಕಿಯರು ಕ್ಯಾರಿಯರಿನಲ್ಲಿ ಜೀವಂತ ಬಾತುಕೋಳಿ ಕಟ್ಟಿಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗುತ್ತಾರೆ. ಇನ್ನೊಂದು ಕೈ ಎದುರು ಬಂದವರ ಜೊತೆ ಮಾತಾಡಲು ಬೇಕಲ್ಲ! ಅಂಥ ಊರಿನಲ್ಲಿ ಐವತ್ತೈದರ ಪಿರೋಷ್ಕಾ ಹೆದರುತ್ತಿದ್ದಳು. ಬೆಳಗಿನ ಜಾವ ಸೈಕಲ್ಲಿನ ಬೀಗ ತೆಗೆಯುವಾಗ ಕೀಲಿ ತೂತಿಗೆ ಸೇರದಷ್ಟು ಹೆದರುತ್ತಿದ್ದಳು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ.

ಅವಳ ಕೆಲಸ ಪಟ್ಟಣದ ಶಾಲೆಯ ಅಡುಗೆಮನೆಯಲ್ಲಿ. ಐದೂವರೆಗೆಲ್ಲ ಒಲೆ ಹೊತ್ತಿಸಬೇಕು, ಮೊದಲ ಬಸ್ಸು ಊರಿಗೆ ಬರುವುದೇ ಅದಾಗಿ ಒಂದು ಗಂಟೆಯ ಮೇಲೆ. ಹಾಗಾಗಿ ಕತ್ತಲಲ್ಲೇ ಮುಖ್ಯರಸ್ತೆ ಹಿಡಿಯಬೇಕು. ಟೋಲ್ ಉಳಿಸುವ ಲಾರಿಗಳೆಲ್ಲ ನುಗ್ಗುವುದು ಇದೇ ರಸ್ತೆಗೆ. ಆ ದೇಶದಲ್ಲಿ ಗಾಡಿಗಳೆಲ್ಲ ಹೋಗುವುದು ರಸ್ತೆಯ ಬಲಬದಿಯಲ್ಲಿ. ಬಲ ಅಂಚಿನಲ್ಲಿ ಒಂದು ಬಿಳಿ ಗೆರೆ, ಗೆರೆಯಾಚೆ ಒಂದು ಗೇಣು ಡಾಂಬರು, ಅದರಾಚೆ ಚರಂಡಿ. ಆ ಗೇಣಷ್ಟೇ ಸೈಕಲ್ಲಿನವರ ಪಾಲು. ಅದನ್ನೂ ಭಿಕ್ಷೆ ಹಾಕಿದವರ ಹಾಗೆ ಕಾರಿನವರು ಹಾರ್ನ್ ಬಾರಿಸಿಕೊಂಡು ಹೋಗುತ್ತಾರೆ. ಸೈಕಲ್ಲಿಗೇ ಬೇರೆ ದಾರಿ ಮಾಡಿಸಿಕೊಡುತ್ತೇವೆ ಅಂತ ಪ್ರತಿ ಚುನಾವಣೆಗೂ ಒಬ್ಬ ಬಂದು ಟೇಪು ಹಿಡಿದು ಅಳೆಯುತ್ತಾನೆ. ಅಳೆದದ್ದೇ ಬಂತು.

ಇಪ್ಪತ್ತು ವರ್ಷ ಪಿರೋಷ್ಕಾಗೆ ಈ ಭಯ ಇರಲಿಲ್ಲ, ಏಕೆಂದರೆ ಹಿಂದೆ ಎತೆಲ್ಕಾ ಇರುತ್ತಿದ್ದಳು. ಅದೇ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಎತೆಲ್ಕಾ ಇವಳಿಗಿಂತ ಹತ್ತು ವರ್ಷ ದೊಡ್ಡವಳು, ಗಟ್ಟಿ ಗಂಟಲಿನವಳು. ಮುಂದೆ ಪಿರೋಷ್ಕಾ, ಹಿಂದೆ ಎತೆಲ್ಕಾ, ಇಬ್ಬರ ಮೈಮೇಲೂ ಮಿರಿಮಿರಿ ಮಿಂಚುವ ಹಳದಿ ಜಾಕೀಟು. ಹಿಂದಿನಿಂದ ಲಾರಿಯ ಸದ್ದು ಏಳುತ್ತಿದ್ದ ಹಾಗೆ ಎತೆಲ್ಕಾ ಒಮ್ಮೆ ತಿರುಗಿ ನೋಡಿ ಕೂಗುತ್ತಿದ್ದಳು: "ಕಂಡಿದಾನೆ!" ಡ್ರೈವರ್ ನಮ್ಮನ್ನು ನೋಡಿದ್ದಾನೆ, ನೀನು ನೆಟ್ಟಗೆ ಹೋಗು ಅಂತ ಅರ್ಥ. ಪಿರೋಷ್ಕಾ ನೆಟ್ಟಗೆ ಹೋಗುತ್ತಿದ್ದಳು. ಲಾರಿ ಭರ್ರನೆ ಪಕ್ಕದಲ್ಲೇ ಹಾದುಹೋದರೂ ಎದೆ ಜೋರಾಗಿ ಬಡಿದುಕೊಳ್ಳುತ್ತಿರಲಿಲ್ಲ. ಕಂಡವನು ಯಾಕೆ ಗುದ್ದುತ್ತಾನೆ?

ಹೋದ ವಸಂತದಲ್ಲಿ ಎತೆಲ್ಕಾಗೆ ಲಾರಿ ಬಡಿಯಿತು. ಲಾರಿಯ ಪಕ್ಕದ ಕನ್ನಡಿ ಭುಜಕ್ಕೆ ತಾಗಿ ಅವಳನ್ನು ಚರಂಡಿಗೆ ಎಸೆಯಿತು, ಸೊಂಟದ ಮೂಳೆ ಮುರಿಯಿತು. ಲಾರಿ ನಿಲ್ಲಲೇ ಇಲ್ಲ. ಈಗ ಅವಳು ಕೋಲು ಹಿಡಿದು ಮನೆಯಲ್ಲಿದ್ದಾಳೆ. "ವಯಸ್ಸಾಯ್ತು ನೋಡಿ, ಸೈಕಲ್ ತೂಗಾಡಿಸ್ಕೊಂಡು ರಸ್ತೆ ಮಧ್ಯಕ್ಕೆ ಹೋಗ್ಬಿಟ್ಳು" ಎಂದು ಪಿರೋಷ್ಕಾ ಊರಿಗೆಲ್ಲ ಹೇಳಿದಳು. ಕಣ್ಣಾರೆ ಕಂಡಿರಲಿಲ್ಲ. ಆದರೆ ಬೇರೇನು ಆಗಿರಲು ಸಾಧ್ಯ?

ಆಮೇಲೆ ಒಬ್ಬಳೇ. ಬೇಸಿಗೆಯ ಬೆಳಕಿನಲ್ಲಿ ಹೇಗೋ ನಡೆಯಿತು. ನವೆಂಬರ್ ಬಂದು ಟಿಸಾ ಹೊಳೆಯ ಮಂಜು ರಸ್ತೆಗೆ ಏರಿದ ಮೇಲೆ ಬೆನ್ನೆಲ್ಲ ಕಿವಿಯಾಯಿತು. ಕೊನೆಗೆ ಅವಳು ಸೈಕಲ್ ರಿಪೇರಿಯ ಡೆಜೋನ ಅಂಗಡಿಗೆ ಹೋಗಿ ಹಿಂದಿನದು ಕಾಣುವ ಕನ್ನಡಿ ಬೇಕು ಎಂದಳು.

"ಕನ್ನಡೀನಾ? ದಾರೀಲಿ ಲಿಪ್‌ಸ್ಟಿಕ್ ಹಚ್ಕೊಳ್ಳೋಕಾ?" ಎಂದ ಡೆಜೋ.

"ನಿನ್ ಮೂತಿಗೆ ಹಚ್ತೀನಿ. ಸುಮ್ನೆ ಹಾಕ್ಕೊಡಯ್ಯಾ."

ಡೆಜೋ ಹ್ಯಾಂಡಲಿನ ಎಡತುದಿಗೆ ದುಂಡನೆಯ ಕನ್ನಡಿ ಬಿಗಿದು, ಮಡ್‌ಗಾರ್ಡಿನ ಕೆಂಪು ದೀಪವನ್ನೂ ಬದಲಿಸಿಕೊಟ್ಟ. "ಕನ್ನಡಿ ನೋಡ್ತಾ ಕೂತ್ಕೋಬೇಡ. ಕಣ್ಣು ಹೋದ ಕಡೆಗೇ ಸೈಕಲ್ಲೂ ಹೋಗುತ್ತೆ" ಎಂದ. ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಕನ್ನಡಿಯಲ್ಲಿ ಎರಡು ಬೆಳಕು ಹುಟ್ಟಿದವು, ಕಡಲೆಕಾಳಿನಷ್ಟು. ನೋಡುತ್ತಿದ್ದ ಹಾಗೆ ದೊಡ್ಡವಾದವು. ಪಿರೋಷ್ಕಾ ಕಾಯುತ್ತಿದ್ದಳು. ಇವನು ನನ್ನನ್ನು ಕಂಡಿದ್ದಾನೋ ಇಲ್ಲವೋ ಅನ್ನುವುದಕ್ಕೆ ಏನಾದರೊಂದು ಗುರುತು ಇರಲೇಬೇಕು, ದೀಪ ಒಮ್ಮೆ ಮಿನುಗಬಹುದು, ವೇಗ ತಗ್ಗಬಹುದು. ಏನೂ ಆಗಲಿಲ್ಲ. ಬೆಳಕು ಕನ್ನಡಿಯನ್ನೆಲ್ಲ ತುಂಬಿಕೊಂಡಿತು. ಕಂಡಿದಾನಾ? ಕಂಡಿಲ್ವಾ? ಕಣ್ಣು ಕೀಳಲಾಗದೆ ನೋಡುತ್ತಲೇ ಇದ್ದಳು, ನೋಡುತ್ತ ನೋಡುತ್ತ ಸೈಕಲ್ಲು ಬಿಳಿ ಗೆರೆ ದಾಟಿ ರಸ್ತೆಯ ಒಳಕ್ಕೆ ಸರಿದಿತ್ತು. ಹಾರ್ನ್ ಬೊಬ್ಬಿರಿಯಿತು. ಹ್ಯಾಂಡಲ್ ಬಲಕ್ಕೆ ಎಳೆದದ್ದಷ್ಟೇ ಗೊತ್ತು. ಗಾಳಿ ತಳ್ಳಿದ ಹೊಡೆತಕ್ಕೆ ಚರಂಡಿಯ ಒಣಹುಲ್ಲಿನಲ್ಲಿ ಬಿದ್ದಿದ್ದಳು, ಸೈಕಲ್ಲು ಮೈಮೇಲೆ.

ಏಟೇನೂ ಆಗಿರಲಿಲ್ಲ. ಸೈಕಲ್ಲನ್ನು ಪಕ್ಕಕ್ಕೆ ತಳ್ಳಿ ಎದ್ದು ಕೂತಳು. ಕೂತಲ್ಲೇ ಅತ್ತಳು. ಮಿಕ್ಕ ದಾರಿಯನ್ನೆಲ್ಲ ಸೈಕಲ್ ತಳ್ಳಿಕೊಂಡು ನಡೆದಳು, ಒಲೆ ತಡವಾಗಿ ಹೊತ್ತಿತು, ಬೈಗುಳ ತಿಂದಳು. ಅದೇ ಸಂಜೆ ನೆಟ್ಟಗೆ ಎತೆಲ್ಕಾಳ ಮನೆಗೆ ಹೋದಳು.

ಎತೆಲ್ಕಾಳ ಮನೆ ಊರಿನ ಕೊನೆಯಲ್ಲಿ, ಓಣಿ ಮುಖ್ಯರಸ್ತೆಗೆ ಸೇರುವ ಕಡೆ. ಅವಳು ಅಡುಗೆಮನೆಯಲ್ಲಿ ಕೂತು ಸುತ್ತಿಗೆಯಿಂದ ಅಕ್ರೋಟು ಒಡೆಯುತ್ತಿದ್ದಳು.

"ಅಕ್ಕಾ, ಒಂದು ವಿಷಯ ಹೇಳ್ಕೊಡ್ಬೇಕು ನೀನು. ಲಾರಿಯವ್ನು ನಮ್ಮನ್ನ ಕಂಡಿದಾನೆ ಅಂತ ನಿಂಗೆ ಹೇಗೆ ಗೊತ್ತಾಗ್ತಿತ್ತು?"

"ಯಾಕೆ?"

"ಕನ್ನಡಿ ಹಾಕಿಸ್ಕೊಂಡೆ. ನಂಗೇನೂ ಗೊತ್ತಾಗ್ತಿಲ್ಲ. ಲೈಟಲ್ಲಿ ಗುರುತಿರುತ್ತಾ, ಸದ್ದಲ್ಲಿರುತ್ತಾ? ಕಲಿಸ್ಕೊಡು. ಇಲ್ಲಾಂದ್ರೆ ನಾಳೆನೇ ಕೆಲಸ ಬಿಟ್ಬಿಡ್ತೀನಿ. ನನ್ ಕೈಲಿ ಆಗಲ್ಲ ಅಕ್ಕಾ, ಸತ್ತೋಗ್ತೀನಿ."

ಎತೆಲ್ಕಾ ಸುತ್ತಿಗೆ ಕೆಳಗಿಟ್ಟಳು. "ಗುರುತೂ ಇಲ್ಲ, ಗಿರುತೂ ಇಲ್ಲ ಕಣೇ ಪಿರಿ. ಬರೀ ಎರಡು ಲೈಟು. ಅದರ ಹಿಂದೆ ಕೂತಿರೋನು ನಿದ್ದೆ ಮಾಡ್ತಿದಾನೋ, ಫೋನ್ ನೋಡ್ತಿದಾನೋ, ಯಾರಿಗ್ ಗೊತ್ತು?"

"ಮತ್ತೆ ಇಪ್ಪತ್ತು ವರ್ಷ ಕೂಗಿದ್ದು?"

"ಮೊದಲ ವಾರ ನೀನು ಹೇಗಿದ್ದೆ, ಮರೆತ್ಯಾ? ಲಾರಿ ಸದ್ದು ಕೇಳಿದ್ರೆ ಸಾಕು, ಹ್ಯಾಂಡಲ್ ಕುಣಿಸ್ತಿದ್ದೆ. ಒಂದಿನ ಬಾಯಿಗೆ ಬಂದಿದ್ದು ಕೂಗಿದೆ, ನೀನು ನೆಟ್ಟಗೆ ಹೋದೆ. ಓ, ಇದು ಪರವಾಗಿಲ್ವಲ್ಲ ಅಂತ ಅದನ್ನೇ ಕೂಗ್ತಾ ಬಂದೆ."

ಪಿರೋಷ್ಕಾಗೆ ಮೊದಲು ಸಿಟ್ಟು ಬಂತು. ಇಪ್ಪತ್ತು ಚಳಿಗಾಲ ಯಾವುದನ್ನು ನಂಬಿ ಸೈಕಲ್ ತುಳಿದಳೋ ಅದು ಬರೀ ಗಂಟಲು. ಎಷ್ಟು ಸಾವಿರ ಲಾರಿಗಳು ಅವಳನ್ನು ನೋಡದೆಯೇ ಪಕ್ಕದಲ್ಲಿ ಹಾದು ಹೋಗಿದ್ದವೋ. ಈಗ, ಬೆಚ್ಚಗಿನ ಅಡುಗೆಮನೆಯಲ್ಲಿ ಕೂತು, ಆ ಎಲ್ಲ ಲಾರಿಗಳಿಗೂ ಒಟ್ಟಿಗೆ ಹೆದರಿದಳು. ಆಮೇಲೆ ಇನ್ನೊಂದು ಹೊಳೆಯಿತು.

"ಅವತ್ತೂ ಕೂಗಿದ್ದೆ ನೀನು."

"ಅಕ್ರೋಟು ತಗೊಂಡು ಹೋಗು, ಹಿಟ್ಟಲ್ಲಿ ಸುತ್ತಿ ಸಿಹಿ ರೋಲ್ ಮಾಡ್ಕೋ."

"ಅಕ್ಕಾ. ಅವತ್ತು ಕಂಡಿದಾನೆ ಅಂದೆ. ಮುಂದೆ ಗುಂಡಿ ಇತ್ತು. ಕಂಡಿದಾನಲ್ಲ ಅಂತ ನಾನು ಎಡಕ್ಕೆ, ರಸ್ತೆ ಒಳಗೆ ತಗೊಂಡೆ."

ಎತೆಲ್ಕಾ ಮೇಜಿನ ಮೇಲಿನ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ಹೇಳದೆ ವಿಧಿಯಿರಲಿಲ್ಲ. "ತಗೊಂಡೆ. ಲಾರಿ ಬೆನ್ನಿಗೇ ಬಂದಿತ್ತು. ಈಗ ಹೋಗ್ಬೇಡ ಅಂತ ಕೂಗಿದ್ರೆ ನೀನು ಗಾಬರಿ ಬಿದ್ದು ಅಲ್ಲೇ ನಿಲ್ತಿದ್ದೆ. ಅದಕ್ಕೇ ನಾನು ನಿನಗಿಂತ ಒಳಗೆ ಹೋದೆ, ರಸ್ತೆ ನಡುವಿಗೆ. ಹಿಂದಿರೋಳು ಅಡ್ಡ ಸಿಕ್ಕಿದ್ರೆ ಅವ್ನು ಆ ಕಡೆ ತಿರುಗಿಸಲೇಬೇಕಲ್ಲ. ತಿರುಗಿಸ್ದ. ನೀನು ಉಳ್ಕೊಂಡೆ. ನಂಗೆ ಅವನ ಕನ್ನಡಿ ತಾಗ್ತು, ಅಷ್ಟೇ."

"ಅಷ್ಟೇನಾ? ಊರಿಗೆಲ್ಲ ನಾನು..."

"ಮುದುಕಿ ತೂಗಾಡಿದ್ಳು ಅಂದ್ಯಂತೆ. ಕೇಳ್ದೆ." ಎತೆಲ್ಕಾ ನಕ್ಕಳು. "ಮೂತಿಗೆ ಎರಡು ಕೊಡೋಣ ಅನ್ನಿಸ್ತು. ಆಮೇಲೆ ಇರ್ಲಿ ಬಿಡು ಅಂದ್ಕೊಂಡೆ. ನಿಜ ಗೊತ್ತಾಗಿದ್ರೆ ನೀನು ಮತ್ತೆ ಸೈಕಲ್ ಹತ್ತಿದ್ಯಾ?"

ಪಿರೋಷ್ಕಾ ನೆಲಕ್ಕೆ ಬಿದ್ದಿದ್ದ ಒಂದು ಸಿಪ್ಪೆ ಹೆಕ್ಕಿ ಗುಡ್ಡೆಗೆ ಸೇರಿಸಿದಳು. "ನಿಂಗೆ ಭಯ ಆಗ್ತಿರ್ಲಿಲ್ವಾ ಅಕ್ಕಾ?" ಎಂದು ಕೇಳಿದಳು.

"ನಂಗೇನ್ ಭಯ? ಹೋಗ್ ಹೋಗು, ಕತ್ತಲಾಯ್ತು."

ಆ ರಾತ್ರಿ ಪಿರೋಷ್ಕಾ ಏನನ್ನೂ ತೀರ್ಮಾನಿಸಲಿಲ್ಲ. ಬೆಳಗಿನ ಜಾವ ಎದ್ದು, ಬ್ರೆಡ್ಡಿಗೆ ಕೊಬ್ಬು ಸವರಿ ಈರುಳ್ಳಿ ಹೆಚ್ಚಿಟ್ಟು ಡಬ್ಬಿ ಕಟ್ಟಿದಳು, ಕೈ ತನ್ನ ಪಾಡಿಗೆ ಕಟ್ಟಿತು. ಜಾಕೀಟು ಹಾಕಿಕೊಂಡಳು. ಓಣಿಯ ಕೊನೆಯವರೆಗೆ ಹೋಗುತ್ತೇನೆ, ಆಗದಿದ್ದರೆ ತಿರುಗಿ ಬರುತ್ತೇನೆ ಎಂದು ತನಗೇ ಸಮಾಧಾನ ಹೇಳಿಕೊಂಡು ಸೈಕಲ್ ಹತ್ತಿದಳು. ಮಂಜು ದಟ್ಟವಾಗಿತ್ತು.

ಎತೆಲ್ಕಾ ತನ್ನ ಗೇಟಿನ ಹೊರಗೆ ನಿಂತಿದ್ದಳು. ರಾತ್ರಿಯ ಉಡುಪಿನ ಮೇಲೆ ಗಂಡನ ಹಳೇ ಕೋಟು, ಒಂದು ಕೈಯಲ್ಲಿ ಕೋಲು. ಲಾರಿಗಳು ಬರುವ ದಿಕ್ಕಿಗೆ ಕತ್ತು ಚಾಚಿ ನೋಡಿ, ಹಳೆಯ ಗಟ್ಟಿ ದನಿಯಲ್ಲೇ ಹೇಳಿದಳು: "ಯಾರೂ ಇಲ್ಲ ಕಣೇ, ಹೋಗು!"

ನಿನ್ನೆಯಾಗಿದ್ದರೆ ಪಿರೋಷ್ಕಾ ಹೋಗಿಬಿಡುತ್ತಿದ್ದಳು. ಇವತ್ತು ಕಾಲು ನೆಲಕ್ಕಿಟ್ಟು, ಪೂರ್ತಿ ಹಿಂದೆ ತಿರುಗಿ, ತಾನೇ ನೋಡಿದಳು. ಮಂಜಿನೊಳಗೆ ಮಸುಕಾಗಿ ಎರಡು ದೀಪ.

"ಬರ್ತಿದೆಯಲ್ಲಕ್ಕಾ!"

"ದೂರ ಇದೆ ಅಂತ..." ಎತೆಲ್ಕಾ ತಡವರಿಸಿದಳು.

ದೂರ ಇರಲಿಲ್ಲ. ಪಿರೋಷ್ಕಾ ಸೈಕಲ್ಲಿನಿಂದ ಇಳಿದು, ಎತೆಲ್ಕಾಳ ಕೈ ಹಿಡಿದು ಬೇಲಿಯ ಹತ್ತಿರಕ್ಕೆ ಎಳೆದುಕೊಂಡಳು. ಲಾರಿ ಬಂತು. ನೆಲ ಅದುರಿತು, ಮಂಜು ಸೀಳಿ ಮುಖಕ್ಕೆ ರಾಚಿತು, ಉದ್ದನೆಯ ಗೋಡೆಯಂಥದ್ದೊಂದು ಕಣ್ಣೆದುರೇ ಸರಸರನೆ ಹರಿದುಹೋಯಿತು. ಒಳಗೆ ಕೂತವನು ಇವರನ್ನು ಕಂಡನೋ ಇಲ್ಲವೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಸದ್ದು ಅಡಗಿದ ಮೇಲೆ ಪಿರೋಷ್ಕಾಗೆ ತಾನು ಹಿಡಿದಿದ್ದ ಕೈ ತಿಳಿಯಿತು. ಅದು ಗಡಗಡ ನಡುಗುತ್ತಿತ್ತು. ಚಳಿಗಲ್ಲ. ಎಷ್ಟು ಬಿಗಿಯಾಗಿ ಹಿಡಿದರೂ ನಿಲ್ಲಲಿಲ್ಲ. ಇಪ್ಪತ್ತು ವರ್ಷ ಅವಳ ಬೆನ್ನ ಹಿಂದೆ ಹ್ಯಾಂಡಲ್ ಹಿಡಿದು ಬಂದಿದ್ದ ಕೈ ಅದು, ಅದರ ಹಿಂದೆ ಕಂಡಿದಾನೆ ಅಂತ ಕೂಗುವವರು ಯಾರೂ ಇರಲಿಲ್ಲ.

"ಒಳಗೆ ಹೋಗಕ್ಕಾ, ಚಳಿ. ನಾನು ನೋಡ್ಕೊಂಡು ಹೋಗ್ತೀನಿ" ಎಂದಳು ಪಿರೋಷ್ಕಾ.

ಎರಡೂ ಕಡೆ ಇನ್ನೊಮ್ಮೆ ನೋಡಿದಳು. ತನ್ನ ನಡುಗುವ ಕೈಯಲ್ಲೇ ಹ್ಯಾಂಡಲ್ ಹಿಡಿದು ರಸ್ತೆಗೆ ಇಳಿದಳು.