ಗದ್ದದ ಹುಣ್ಣು

ಅತ್ತೆ ನನ್ನ ಮಗಳನ್ನು ನನ್ನಿಂದ ಕಿತ್ತುಕೊಂಡಾಗ ಅವಳಿಗಿನ್ನೂ ಐದು ತಿಂಗಳು. ನನ್ನ ಗದ್ದದ ಮೇಲೆ ಕಡಲೆಕಾಳಿನಷ್ಟು ಹುಣ್ಣಾಗಿ ಕೀವು ಸೋರುತ್ತಿತ್ತು. ಅರಿಶಿನ, ಬೇವು ಏನು ಹಚ್ಚಿದರೂ ನಾಲ್ಕು ದಿನ ಒಣಗಿ ಮತ್ತೆ ಒಡೆಯುತ್ತಿತ್ತು. ಅದು ದೊಡ್ಡ ರೋಗವೆಂದು ಅತ್ತೆ ತೀರ್ಮಾನಿಸಿಬಿಟ್ಟರು. ಕುಷ್ಠ ಎಂಬ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಲಿಲ್ಲ. ನನ್ನನ್ನು ಹಿತ್ತಲ ಕೋಣೆಗೆ ಹಾಕಿ ಮಗುವಿಗೆ ಹಸುವಿನ ಹಾಲು ಕುಡಿಸತೊಡಗಿದರು. ಗೋಡೆಯಾಚೆ ಅದು ಅತ್ತರೆ ಇಲ್ಲಿ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಸಿಟ್ಟು ತಡೆಯದೆ ಊಟದ ತಟ್ಟೆಯನ್ನು ಅಂಗಳಕ್ಕೆ ಎಸೆದದ್ದೂ ಉಂಟು.

ನನ್ನ ಗಂಡ ವಸ್ತಾರೆ ಹತ್ತಿರ ಬಿಳಿ ದೊರೆಯೊಬ್ಬರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಮ್ಮನ ಎದುರು ತುಟಿಪಿಟಕ್ಕೆನ್ನದ ಮನುಷ್ಯ. ಆದರೂ ಒಂದು ದಿನ ನನ್ನನ್ನು ಬಸ್ಸು ಹತ್ತಿಸಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಗದ್ದ ಬಿಟ್ಟು ಬಾಯೊಳಗೆ ನೋಡಿದರು. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿದ್ದ ಕೆಳಗಿನ ಎದುರು ಹಲ್ಲೊಂದು ಕಪ್ಪಾಗಿತ್ತು. ಅದರ ಬೇರಿನಲ್ಲಿ ಕೀವು ಕಟ್ಟಿ, ಮೂಳೆ ಕೊರೆದು, ಗದ್ದದಿಂದ ಹೊರಬರುತ್ತಿದೆ, ಬೇರೆ ಯಾವ ರೋಗವೂ ಅಲ್ಲ ಎಂದರು. ವಸಡು ಕೊಯ್ದು ಬೇರಿನ ತುದಿ ಕತ್ತರಿಸಿ, ಕೆರೆದು, ಹೊಲಿದರು. ಹೀಗೆ ಮಾಡಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ, ಕೆಲವರಿಗೆ ತಿರುಗಿ ಬರುತ್ತದೆ ಎಂದೂ ಹೇಳಿದರು.

ಅತ್ತೆ ಡಾಕ್ಟರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಗಾಯ ಪೂರ್ತಿ ಮಾಯ್ಲಿ ಮಾರಾಯ್ತಿ, ಮಗು ವಿಷ್ಯ ಆಮೇಲೆ" ಅಂದರು.

ದಿನಾ ಬೆಳಿಗ್ಗೆ ಬಿಳಿ ಬಟ್ಟೆಯಿಂದ ಗದ್ದ ಒತ್ತಿ ನೋಡುತ್ತಿದ್ದೆ. ಬಟ್ಟೆ ಚೊಕ್ಕಟವಾಗಿದ್ದರೆ ಹೋದ ಜೀವ ಬರುತ್ತಿತ್ತು. ಕಾಫಿ ಕೊಯ್ಲು ಮುಗಿದು ಕಣದಲ್ಲಿ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಬೀಜ ಒಣಗುವ ಹೊತ್ತಿಗೆ ಗಾಯ ಮುಚ್ಚಿತು. ನಾಳೆ ಮಗು ಕೊಡುತ್ತೇನೆಂದು ಅತ್ತೆಯೇ ಹೇಳಿದರು. ಮರುದಿನ ಬಟ್ಟೆಯ ಮೇಲೆ ಹಳದಿ ಚುಕ್ಕೆ. ಯಾರೂ ನೋಡುವ ಮೊದಲು ಒಲೆಗೆ ಹಾಕಿಬಿಡಲೇ ಅನ್ನಿಸಿತು. ಹಾಕಲಿಲ್ಲ. ಡಾಕ್ಟರು ಏನೇ ಹೇಳಿರಲಿ, ಮಗುವಿಗೇನಾದರೂ ಆದರೆ ಎಂಬ ಭಯ ಅಷ್ಟರಲ್ಲಿ ನನಗೂ ಹಿಡಿದಿತ್ತು.

ಮತ್ತೆ ಆಸ್ಪತ್ರೆ. ಇನ್ನೊಮ್ಮೆ ಕೊಯ್ದು ನೋಡೋಣ, ಹಲ್ಲು ಉಳಿದರೂ ಉಳಿದೀತು ಎಂದರು ಡಾಕ್ಟರು. ಹರೆಯದ ಹೆಂಗಸು, ಎದುರು ಹಲ್ಲು ಹೋದರೆ ಮುಖದ ಲಕ್ಷಣ ಕೆಡುತ್ತದೆಂದು ಗಂಡನೂ ದನಿಗೂಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಬೇಕಾದ್ರೆ ಅಷ್ಟೂ ಹಲ್ಲು ಕಿತ್ತಾಕಿ ಡಾಕ್ಟ್ರೇ. ನಂಗೆ ನನ್ ಮಗು ಬೇಕು."

ಆ ಒಂದು ಹಲ್ಲನ್ನು ಕಿತ್ತರು. ಕಾಫಿ ಹೂವು ಅರಳಿ ಉದುರಿದ ಮೇಲೂ ಗಾಯ ಒಡೆಯಲಿಲ್ಲ. ಅತ್ತೆ ಕರೆಯಲೆಂದು ನಾನು ಕಾಯಲಿಲ್ಲ. ಜಗಲಿಗೆ ಹೋಗಿ ಅವರ ಮಡಿಲಿನಿಂದ ಮಗುವನ್ನು ಎತ್ತಿಕೊಂಡೆ. ನನ್ನ ಮುಖ ನೋಡಿದ್ದೇ ಅದು ಚೀರಿ, ಅತ್ತೆಯ ಕಡೆ ಎರಡೂ ಕೈ ಚಾಚಿತು. ಅತ್ತೆಯ ಕೈಯೂ ಮುಂದೆ ಬಂತು.

"ಅಳ್ಲಿ ಬಿಡಿ. ಇನ್ಮೇಲೆ ನನ್ ಹತ್ರಾನೇ ಅಳ್ತಾಳೆ" ಎಂದೆ.

ಅವಳು ಬಹಳ ಹೊತ್ತು ಅತ್ತಳು.